ಗಣಿಗುಡ್ಡ ಸತ್ತದ್ದು ಹೇಗೆ

ಸೆಪ್ಟೆಂಬರ್ 7, ಶನಿವಾರ

ಇದನ್ನು ಯಾರೂ ಓದಬಾರದು. ಓದಿದರೆ ನಗುತ್ತಾರೆ, ನಗದಿದ್ದರೆ ಅಯ್ಯೋ ಪಾಪ ಅನ್ನುತ್ತಾರೆ. ಎರಡೂ ನನಗೆ ಬೇಡ. ಆದರೆ ಎಲ್ಲಾದರೂ ಹೇಳಿಕೊಳ್ಳದಿದ್ದರೆ ಹೊಟ್ಟೆ ಒಡೆದುಹೋಗುತ್ತದೆ ಅನಿಸಿ ಬರೆಯುತ್ತಿದ್ದೇನೆ.

ಇವತ್ತು ಮೊದಲ ತರಗತಿ. ಪರಿಸರಕ್ಕೆ ಧಕ್ಕೆಯಾಗದ ಹಾಗೆ ವ್ಯಾಪಾರ ಮಾಡುವುದನ್ನು ಕಲಿಸುವ ಎಂಬಿಎ, ವಾರಾಂತ್ಯಕ್ಕೆ ಮಾತ್ರ. ನಾನು ಸೇರಿದ್ದು ಆಸೆಯಿಂದ ಅಲ್ಲ, ಬೇಡ ಅನ್ನಲು ಭಯವಾಗಿ. ಮಿಷಿಗನ್‌ನ ನಮ್ಮೂರಿನಲ್ಲಿ ಹಿಮದ ಮೇಲೆ ಜಾರುವವರ ಗಣಿಗುಡ್ಡದ ಸ್ಕೀ ಸಂಘಕ್ಕೆ ಮಾವನವರೇ ಅಧ್ಯಕ್ಷರು, ಅಲ್ಲಿನ ಆಫೀಸು ನೋಡಿಕೊಳ್ಳುವವಳು ನಾನು. ಗುಡ್ಡ ಯಾರೊಬ್ಬರ ಸ್ವತ್ತೂ ಅಲ್ಲ, ಇಡೀ ಊರಿನದು. ಕಬ್ಬಿಣದ ಗಣಿ ಮುಚ್ಚಿದ ವರ್ಷ ಊರಿನವರೇ ಮರ ಕಡಿದು ಇಳಿಜಾರು ಮಾಡಿಕೊಂಡರು. ಆಗ ಕೊಡಲಿ ಹಿಡಿದವರಲ್ಲಿ ಮಾವನವರೇ ಚಿಕ್ಕವರಂತೆ.

"ಈಗ ಯಾರ ಹತ್ರ ಸಹಾಯ ಕೇಳೋಕೆ ಹೋದ್ರೂ ಪರಿಸರ ಪರಿಸರ ಅಂತಾರೆ. ಆ ಮಾತು ಆಡೋರು ನಮ್ಮಲ್ಲೂ ಒಬ್ರು ಬೇಕು. ಸೆನ್ಯಾ, ನೀನು ಹೋಗು" ಅಂದಿದ್ದರು ಏಪ್ರಿಲ್‌ನಲ್ಲಿ, ಸೌನಾ ಅನ್ನುವ ಆವಿಸ್ನಾನದ ಕೋಣೆಯಿಂದ ಬೇಯಿಸಿದ ಬೀಟ್‌ರೂಟ್ ಬಣ್ಣದಲ್ಲಿ ಹೊರಗೆ ಬರುತ್ತಾ. ಅರ್ವೊ ರೌಟಿಯೋ ಹೇಳಿದ ಮೇಲೆ ನಮ್ಮೂರಿನಲ್ಲಿ ಯಾರೂ ಇಲ್ಲ ಅನ್ನುವುದಿಲ್ಲ. ಇನ್ನು ಸೊಸೆ ಅನ್ನುತ್ತಾಳೆಯೇ?

ನನಗೆ ನಾಯಿ ಅಂದರೆ ಭಯ, ಗುಡುಗು ಅಂದರೆ ಭಯ, ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಬಡಿದುಕೊಂಡರೆ ಕೈಕಾಲು ತಣ್ಣಗಾಗುತ್ತವೆ. ಎತ್ತರವಂತೂ ಕೇಳಲೇಬೇಡಿ. ಮದುವೆಯಾಗಿ ಬಂದಾಗಿನಿಂದ ಅದೇ ಗುಡ್ಡದ ಬುಡದಲ್ಲಿ ಟಿಕೆಟ್ ಮಾರುತ್ತಿದ್ದೇನೆ, ಒಂದು ದಿನವೂ ತಂತಿಗೆ ತೂಗುವ ಕುರ್ಚಿ ಲಿಫ್ಟಿನಲ್ಲಿ ಕೂತು ಮೇಲೆ ಹೋದವಳಲ್ಲ. ಮೇಲಿನಿಂದ ಏನು ಕಾಣುತ್ತದೆ ಎಂದು ಗಿರಾಕಿಗಳು ಕೇಳಿದರೆ "ಚೆನ್ನಾಗಿ ಕಾಣುತ್ತೆ" ಅಂದುಬಿಡುತ್ತೇನೆ.

ಇವೆಲ್ಲ ಸಾಲದು ಅಂತ ಈಗ ಪ್ರೊಫೆಸರ್ ಕಿಂಟಾನಾರ್. ಅರಿಜೋನಾದ ಬಿಸಿಲಿನಿಂದ ಬಂದ ಕುಳ್ಳಗಿನ ಹೆಂಗಸು, ಸೆಪ್ಟೆಂಬರ್‌ನಲ್ಲೇ ಮಫ್ಲರ್ ಸುತ್ತಿಕೊಂಡಿದ್ದರು. ನಮ್ಮೆಲ್ಲರ ಹೆಸರು ಬರೆದ ಕಾರ್ಡುಗಳನ್ನು ಇಸ್ಪೀಟಿನಂತೆ ಕಲಸಿ ಒಂದನ್ನು ಎಳೆಯುತ್ತಾರೆ. ಯಾರ ಹೆಸರು ಬಂತೋ ಅವರು ಎದ್ದು ಮಾತಾಡಬೇಕು. ಕೈ ಎತ್ತುವವರನ್ನು ಕೇಳುವ ಪದ್ಧತಿಯೇ ಇಲ್ಲ. "ಗೊತ್ತಿದ್ದೋರು ಹೇಗಿದ್ರೂ ಮಾತಾಡ್ತಾರೆ. ನನಗೆ ಉಳಿದೋರು ಬೇಕು" ಅಂದರು. ಪ್ರತಿ ಸಲ ಕಾರ್ಡು ಎಳೆದಾಗಲೂ ನನ್ನ ಜೀವ ಬಾಯಿಗೆ ಬಂತು. ಇವತ್ತು ಬಚಾವಾದೆ.

ಸೆಪ್ಟೆಂಬರ್ 21, ಶನಿವಾರ

ಇವತ್ತು ಬಚಾವಾಗಲಿಲ್ಲ.

"ಸೆನ್ಯಾ ರೌಟಿಯೋ. ನಿಮ್ಮ ಸಂಸ್ಥೆ ಯಾವುದರ ಮೇಲೆ ನಿಂತಿದೆ? ಅದೊಂದು ಇಲ್ಲ ಅಂದ್ರೆ ನಾಳೆ ಬಾಗಿಲು ಹಾಕಬೇಕು ಅನ್ನೋಂಥದ್ದು ಯಾವುದು?"

ಎದ್ದು ನಿಂತೆ. ಕಿವಿಯೊಳಗೆ ಗುಂಯ್ ಅನ್ನುವ ಸದ್ದು. ಗೊತ್ತಿಲ್ಲ ಅಂದೆ. ಅದನ್ನೂ ಜೋರಾಗಿ ಅನ್ನಲಿಲ್ಲ, ಪ್ರೊಫೆಸರ್ "ಏನಂದ್ರಿ?" ಅಂತ ಕೇಳಿ ಎರಡನೇ ಸಲ ಗೊತ್ತಿಲ್ಲ ಅನ್ನಿಸಿದರು. ಪಕ್ಕದಲ್ಲಿ ಕೂತಿದ್ದ ಮಾರ್ಲನ್ ಪ್ರೂಯಿಟ್ ಎದ್ದು ತನ್ನ ಕಂಪನಿಯ ವಿಷಯ ಶುರುಮಾಡಿ ನನ್ನನ್ನು ಉಳಿಸಿದ. ಗ್ರೀನ್ ಬೇ ಕಡೆಯ ದಿನಸಿ ಗೋದಾಮಿನ ಮ್ಯಾನೇಜರ್ ಅವನು. ಬಾಯಿ ತೆರೆದರೆ ಮುಚ್ಚುವುದು ಗೊತ್ತಿಲ್ಲ. ಅಂಥವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.

ಮನೆಗೆ ಬರುವಾಗ ಕಾರಿನಲ್ಲಿ ಒಬ್ಬಳೇ ಇದ್ದಾಗ ಉತ್ತರ ತಾನಾಗಿ ಬಾಯಿಗೆ ಬಂತು. ಚಳಿ. ನಾವು ಚಳಿಯ ಮೇಲೆ ನಿಂತಿದ್ದೇವೆ.

ನೀಲೋಗೆ ಫೋನ್ ಮಾಡಿದೆ. ಅದಿರು ಸಾಗಿಸುವ ಹಡಗಿನಲ್ಲಿ ಕೆಲಸ ಅವನಿಗೆ. ಜನವರಿಯಲ್ಲಿ ಸರೋವರದ ಹಡಗು ಸಂಚಾರ ನಿಲ್ಲುವವರೆಗೆ ನನ್ನ ಗಂಡ ಅಂದರೆ ಒಂದು ದನಿ ಮಾತ್ರ.

"ಗೊತ್ತಿಲ್ಲ ಅಂದ್ಯಲ್ಲ, ಅದೂ ಒಂದು ಮಾತೇ. ಎರಡು ಸಲ ಬೇರೆ ಅಂದಿದ್ದೀಯ" ಅಂದ.

ಫೋನ್ ಇಟ್ಟುಬಿಟ್ಟೆ.

ಅಕ್ಟೋಬರ್ 12, ಶನಿವಾರ

ಈ ವಿಷಯದ ಕೊನೆಯ ಪ್ರಾಜೆಕ್ಟಿಗೆ ಇಬ್ಬಿಬ್ಬರ ಜೋಡಿ. ನಿಜವಾದ ಸಂಸ್ಥೆಯೊಂದಕ್ಕೆ ಹತ್ತು ವರ್ಷದ ಯೋಜನೆ ಮಾಡಿ, ಆ ಸಂಸ್ಥೆಯವರ ಎದುರಿಗೇ ಮಂಡಿಸಬೇಕು. ಮಾರ್ಲನ್ ನನ್ನ ಜೋಡಿ. ಸಂಸ್ಥೆ ಗಣಿಗುಡ್ಡ. ನಾನು ಆರಿಸಿದ್ದಲ್ಲ, ಮಾವ ಆರಿಸಿದ್ದು. ಮಾರ್ಲನ್ ಗುಡ್ಡ ನೋಡಲು ಬಂದಿದ್ದ.

ಮಾವ ಅವನನ್ನು ಇಳಿಜಾರಿನ ಉದ್ದಕ್ಕೂ ನಡೆಸಿ ತಮ್ಮ ಯೋಜನೆ ವಿವರಿಸಿದರು. ನಮ್ಮಲ್ಲಿ ಈಗ ಇರುವುದು ಕೆಳಗಿನ ಮಕ್ಕಳ ಇಳಿಜಾರಿಗೆ ಮಾತ್ರ ಸಾಕಾಗುವ ಹಳೇ ಹಿಮದ ಗನ್ನುಗಳು. ನೀರನ್ನು ಚಳಿಗಾಳಿಗೆ ಊದಿ ಹಿಮ ಮಾಡುವ ಯಂತ್ರ. ಇನ್ನು ತುದಿಯಿಂದ ಬುಡದವರೆಗೆ ಹೊಸ ಗನ್ನುಗಳ ಸಾಲು. ಆಕಾಶದ ಹಂಗೇ ಬೇಡ. ಜನವರಿಯ ಸಂಘದ ಸಭೆಯಲ್ಲಿ ಮತಕ್ಕೆ ಹಾಕಿ ಊರಿನ ಹೆಸರಲ್ಲಿ ಸಾಲ ಎತ್ತುವುದು ಅಂತ ತೀರ್ಮಾನ.

"ಅದಕ್ಕೆ ನೀವಿಬ್ರೂ ಒಂದಿಷ್ಟು ಹಸಿರು ಬಣ್ಣ ಹಚ್ಚಿ ಕೊಡಿ" ಅಂದರು.

"ಬಣ್ಣ ಯಾಕೆ ಸಾರ್, ಮೇಲೆ ಸೋಲಾರ್ ಹಲಗೇನೇ ಹಾಕಿಬಿಡೋಣ" ಅಂದ ಮಾರ್ಲನ್.

ಇಬ್ಬರಿಗೂ ಮೊದಲ ನೋಟದಲ್ಲೇ ಸ್ನೇಹವಾಯಿತು. ವಿಯೆನೊ ಅಜ್ಜಿ, ನಮ್ಮ ಕ್ಯಾಂಟೀನಿನ ಒಡತಿ, ಎಲ್ಲರಿಗೂ ಮಾಂಸ, ಆಲೂಗಡ್ಡೆ ತುಂಬಿದ ಬಿಸಿ ಪಾಸ್ಟಿ ಕೊಟ್ಟಳು. ನಾನು ತಿನ್ನದೆ ಕಾಗದದಲ್ಲಿ ಕಟ್ಟಿಕೊಂಡು ಬಂದೆ. ಯಾಕೆ ಅಂತ ಗೊತ್ತಾಗುತ್ತಿಲ್ಲ.

ಅಕ್ಟೋಬರ್ 20, ಭಾನುವಾರ

ಯಾಕೆ ಅಂತ ಗೊತ್ತಾಯಿತು. ಗೊತ್ತಾಗದಿದ್ದರೇ ಚೆನ್ನಾಗಿತ್ತು.

ವಿಮಾನ ನಿಲ್ದಾಣದ ಹವಾಮಾನದ ಅಂಕಿಗಳನ್ನು ಯಾರು ಬೇಕಾದರೂ ನೋಡಬಹುದು. ಗನ್ನು ಕೆಲಸ ಮಾಡುವಷ್ಟು ಚಳಿಯ ರಾತ್ರಿಗಳು ನವೆಂಬರ್ ಡಿಸೆಂಬರ್‌ನಲ್ಲಿ ಎಷ್ಟಿವೆ ಎಂದು ವರ್ಷವರ್ಷವೂ ಗುರುತು ಹಾಕುತ್ತಾ ಬಂದೆ. ನಾನು ಮದುವೆಯಾಗಿ ಬಂದ ವರ್ಷದಿಂದ ಈಚೆಗೆ ಗೆರೆ ಕೆಳಗಿಳಿಯುತ್ತಲೇ ಇದೆ. ನಡುವೆ ಒಂದೊಂದು ಒಳ್ಳೆಯ ವರ್ಷ ಬಂದು ನಮ್ಮ ಕಣ್ಣಿಗೆ ಮಣ್ಣೆರಚಿ ಹೋಗಿದೆ. ಗನ್ನು ಹಿಮ ಮಾಡುತ್ತದೆ, ಚಳಿ ಮಾಡುವುದಿಲ್ಲ. ಹಳೇ ಗನ್ನು ಕಾಯುವ ಚಳಿಗೇ ಹೊಸ ಗನ್ನೂ ಕಾಯಬೇಕು.

ಇದನ್ನು ಮಾವನಿಗೆ ಹೇಳುವವರು ಯಾರು?

ನಾನಂತೂ ಅಲ್ಲ.

ನವೆಂಬರ್ 9, ಶನಿವಾರ

ಇವತ್ತಿನ ಅವಮಾನವನ್ನು ಬರೆದಿಡುತ್ತೇನೆ.

ಪ್ರೊಫೆಸರ್ ಹೊಸ ಆಟವೊಂದನ್ನು ಆಡಿಸಿದರು. ಸಾಯುವ ಮುಂಚಿನ ಪೋಸ್ಟ್‌ಮಾರ್ಟಂ ಅನ್ನುತ್ತಾರೆ ಅದಕ್ಕೆ. "ಈಗ ಇವತ್ತಲ್ಲ, ಐದು ವರ್ಷ ಕಳೆದಿದೆ. ನಿಮ್ಮ ಯೋಜನೆ ಜಾರಿಗೆ ಬಂತು, ನೆಲಕಚ್ಚಿ ಸತ್ತೂ ಹೋಯ್ತು. ಸಾಯಬಹುದಾ ಅಂತ ನಾನು ಕೇಳ್ತಿಲ್ಲ, ಸತ್ತಿದೆ. ಹೇಗೆ ಸತ್ತಿತು, ಬರೀರಿ."

ಮಾರ್ಲನ್ ಎರಡು ಸಾಲು ಬರೆದು ಪೆನ್ನು ಕಚ್ಚುತ್ತಾ ಕೂತ. ಉಳಿದವರೂ ಕಿಟಕಿಯ ಹೊರಗೆ ನೋಡುತ್ತಿದ್ದರು. ನಾನು ಹಾಳೆಯ ಎರಡೂ ಕಡೆ ತುಂಬಿಸಿ ಇನ್ನೊಂದು ಹಾಳೆ ಕೇಳಿ ತೆಗೆದುಕೊಂಡೆ. ಪ್ರೊಫೆಸರ್ ಕಾರ್ಡು ಎಳೆದರು. ನನ್ನದೇ ಬರಬೇಕೇ!

ಓದಿದೆ. ಡಿಸೆಂಬರ್‌ನಲ್ಲಿ ಚಳಿ ಬರಲಿಲ್ಲ, ಗನ್ನುಗಳು ಸುಮ್ಮನೆ ನಿಂತವು. ಬಂದ ಒಂದು ಚಳಿಯ ರಾತ್ರಿ ಪಂಪು ಕೈಕೊಟ್ಟಿತು. ಮಕ್ಕಳ ರಜೆ ಕೆಸರಲ್ಲಿ ಹೋಯಿತು. ಪಕ್ಕದೂರಿನವರು ಬರುವುದು ಬಿಟ್ಟರು. ಕಟ್ಟಬೇಕಾದ ಕಂತು ಮಾತ್ರ ತಪ್ಪದೆ ಬಂತು. ಸಾಲಕ್ಕೆ ಊರಿನ ಈಜುಕೊಳ ಮಾರಿದರು. ಒಬ್ಬರನ್ನೊಬ್ಬರು ಬೈದುಕೊಂಡರು. ಶನಿವಾರದ ಸೌನಾಕ್ಕೆ ಕರೆಯುವುದು ನಿಂತಿತು. ಓದುತ್ತಾ ಓದುತ್ತಾ ಹಾಳೆಯಲ್ಲಿ ಇಲ್ಲದ್ದೂ ಬಾಯಿಗೆ ಬಂತು. ನಿಲ್ಲಿಸಿದಾಗ ಕಿಟಕಿಯ ಹೊರಗೆ ನೋಡುತ್ತಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಎಷ್ಟು ಹೊತ್ತು ಮಾತಾಡಿದೆನೋ.

"ಎಷ್ಟು ವರ್ಷದಿಂದ ಈ ಕೆಲಸ ಮಾಡ್ತಿದ್ದೀರಿ?" ಎಂದು ಕೇಳಿದರು ಪ್ರೊಫೆಸರ್.

"ಹುಟ್ಟಿದಾಗಿನಿಂದ" ಅಂದೆ. ಬೇರೆ ಏನು ಹೇಳಲಿ?

ಎಲ್ಲರೂ ನಕ್ಕರು. ಹೊರಗೆ ಬರುವಾಗ ಮೂವರು ತಮ್ಮ ತಮ್ಮ ಪ್ರಾಜೆಕ್ಟ್ ಹಿಡಿದುಕೊಂಡು ಬಂದು "ಇದನ್ನೂ ಸ್ವಲ್ಪ ಸಾಯಿಸಿಕೊಡು" ಅಂತ ಕೇಳಿದರು. ಗೇಲಿ ಇರಬೇಕು. ಇಲ್ಲ ಅನ್ನಲು ಭಯವಾಗಿ ಮಾಡಿಕೊಟ್ಟೆ.

ನವೆಂಬರ್ 28, ಗುರುವಾರ, ಥ್ಯಾಂಕ್ಸ್‌ಗಿವಿಂಗ್

ಹಿಮವಿಲ್ಲ. ಇಳಿಜಾರು ಒಣಹುಲ್ಲಿನ ಬಣ್ಣದಲ್ಲಿದೆ. ಹಿಂದೆಲ್ಲ ಈ ಹಬ್ಬದ ದಿನ ಟರ್ಕಿ ಕೋಳಿಯನ್ನು ಒಲೆಗೆ ಹಾಕಿ ಗುಡ್ಡ ತೆರೆಯುತ್ತಿದ್ದೆವು.

ಮಾವನ ಮನೆಯಲ್ಲಿ ಊಟ. ವಿಯೆನೊ ಅಜ್ಜಿ ಏಲಕ್ಕಿ ಹಾಕಿದ ನಿಸು ಬ್ರೆಡ್ ತಂದಿದ್ದಳು. ಇಳಿಜಾರಿನ ಹಿಮವನ್ನು ಸಮ ಮಾಡುವ ದೊಡ್ಡ ಗಾಡಿಯ ಡ್ರೈವರ್ ಟಾಡ್ ತನ್ನ ಹೆಂಡತಿಯೊಂದಿಗೆ ಬಂದಿದ್ದ. ಫುಟ್‌ಬಾಲು, ಜಿಂಕೆ ಬೇಟೆ, ಟಾಡ್‌ನ ಮೊಣಕಾಲು, ಎಲ್ಲದರ ಮಾತೂ ಆಯಿತು. ಕಿಟಕಿಯ ಹೊರಗಿನ ಹುಲ್ಲಿನ ಬಗ್ಗೆ ಒಬ್ಬರೂ ತುಟಿ ಬಿಚ್ಚಲಿಲ್ಲ. ಎಲ್ಲರೂ ಕಿಟಕಿಗೆ ಬೆನ್ನು ಹಾಕಿ ಕೂತಿದ್ದರು ಅಂತ ಈಗ ಹೊಳೆಯುತ್ತಿದೆ.

ಕಾಫಿ ಕೊಡುವಾಗ ಧೈರ್ಯ ಮಾಡಿದೆ. "ಮಾವ, ಚಳಿಯ ರಾತ್ರಿಗಳು ಕಮ್ಮಿ ಆಗ್ತಿವೆ. ಅಂಕಿ ನೋಡಿದೆ. ಗನ್ನು ಹಾಕಿದ್ರೂ..."

"ಬರುತ್ತೆ ಬಿಡು. ಎಲ್ಲಿಗೆ ಹೋಗುತ್ತೆ ಚಳಿ? ಮಿಷಿಗನ್ ಬಿಟ್ಟು ಬಿಸಿಲಿನ ಫ್ಲೋರಿಡಾಕ್ಕೆ ಹೋಗೋಕೆ ಅದೇನು ರಿಟೈರ್ ಆಗಿದ್ಯಾ?"

ಟಾಡ್ ನಕ್ಕ. ನಾನೂ ನಕ್ಕೆ, ನಾಚಿಕೆಗೇಡಿ.

"ಆ ಕಾಲೇಜಲ್ಲಿ ಹೆದರೋದನ್ನ ಕಲಿಸ್ತಾರಾ? ನಿನಗೆ ಅದರ ಪಾಠ ಬೇಕಿರಲಿಲ್ವಲ್ಲಮ್ಮಾ, ಪುಕ್ಕಲಿ" ಅಂದರು ಮಾವ. ಕೋಪದಿಂದ ಅಲ್ಲ, ಪ್ರೀತಿಯಿಂದಲೇ. ಆಮೇಲೆ ಜೇಬಿನಿಂದ ಸಂಘದ ಸುದ್ದಿಹಾಳೆ ತೆಗೆದು ಮೇಜಿನ ಮೇಲಿಟ್ಟರು. ಜನವರಿ 25ರಂದು ಸಭೆ. ಹೊಸ ಗನ್ನುಗಳು ಪರಿಸರಕ್ಕೂ ಊರಿಗೂ ಏಕೆ ಒಳ್ಳೆಯದು ಎಂದು ವಿವರಿಸುವವರು ಸೆನ್ಯಾ ರೌಟಿಯೋ.

ಅಚ್ಚಾಗಿಹೋಗಿದೆ. ಊರೆಲ್ಲ ಹಂಚಿಯೂ ಆಗಿದೆ. ಪಾತ್ರೆ ತೊಳೆಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ನಾನು ಹೌದು ಅಂದರೆ ಊರು ಸಾಲದಲ್ಲಿ ಮುಳುಗುತ್ತದೆ. ಅಲ್ಲ ಅಂದರೆ ಮಾವ ಊರ ಮುಂದೆ ತಲೆ ತಗ್ಗಿಸಬೇಕು, ಅದೂ ಸೊಸೆಯಿಂದ. ಹೊಟ್ಟೆನೋವು ಬಂದಿದೆ ಅಂತ ಅವತ್ತು ಮಲಗಿಬಿಡಲೇ? ಸುಳ್ಳೂ ಆಗುವುದಿಲ್ಲ.

ಡಿಸೆಂಬರ್ 14, ಶನಿವಾರ

ಮಳೆ. ಡಿಸೆಂಬರ್‌ನಲ್ಲಿ ಮಳೆ.

ಡಿಸೆಂಬರ್ 15

ಇವತ್ತೂ. ಟಾಡ್ ಒಂದು ರಾತ್ರಿ ಗನ್ನು ಓಡಿಸಿ ಹಾಸಿದ್ದ ಹಿಮ ಚರಂಡಿಗೆ ಹರಿದುಹೋಗುತ್ತಿದೆ. ಮಾವ ಹೊರಗೆ ಬಂದು ನೋಡಲಿಲ್ಲ. ನನಗೆ ಬರೆಯಲೂ ಆಗುತ್ತಿಲ್ಲ.

ಡಿಸೆಂಬರ್ 20, ಶುಕ್ರವಾರ

ಮಾರ್ಲನ್ ಬಂದಿದ್ದ. ಫೋನ್‌ನಲ್ಲಿ ಹೇಳುವಂಥದ್ದಲ್ಲ ಅಂದವನು ಅಡುಗೆಮನೆಯಲ್ಲಿ ಕೂತು, ಯೋಜನೆ ಹೇಗಿದೆಯೋ ಹಾಗೇ ಇರಲಿ ಅಂದ. ಗನ್ನುಗಳ ಜೊತೆ ಸೋಲಾರು, ಒಂದಿಷ್ಟು ಗಿಡ ನೆಡುವುದು. "ಅವರಿಗೂ ಖುಷಿ, ನಮಗೂ ಪಾಸು. ನಿಮ್ಮ ಮಾವನ ಎದುರು ನಿಂತು ಇದು ಆಗಲ್ಲ ಅಂತ ಹೇಳೋಕೆ ನನ್ನಿಂದಾಗಲ್ಲ ಸೆನ್ಯಾ. ಅವರು ನನಗೆ ಟೋಪಿ ಕೊಟ್ಟಿದ್ದಾರೆ."

ನಿಜ, ಸಂಘದ ಉಣ್ಣೆ ಟೋಪಿ ಹಾಕಿಕೊಂಡೇ ಬಂದಿದ್ದ.

"ಅಂಕಿ ನೀನೂ ನೋಡಿದ್ದೀಯಲ್ಲ" ಅಂದೆ.

"ನೋಡಿದ್ದೀನಿ. ಅದಕ್ಕೇ ನಿದ್ದೆ ಬರ್ತಿಲ್ಲ." ಟೋಪಿ ತೆಗೆದು ಮೇಜಿನ ಮೇಲಿಟ್ಟ. "ನನಗೆ ಯಾವತ್ತೂ ಹೀಗಾಗಿಲ್ಲ. ಎದೆ ಮೇಲೆ ಯಾರೋ ಕೂತ ಹಾಗೆ. ಇದೇನಿದು?"

"ಭಯ" ಅಂದೆ. "ಮೊದಲು ನೀರು ಕುಡಿ. ಕಾಲು ನೆಲಕ್ಕೆ ಗಟ್ಟಿಯಾಗಿ ಊರು. ಹೋಗುತ್ತೆ ಅಂತ ಕಾಯಬೇಡ, ಅದು ಹೋಗಲ್ಲ. ಅದನ್ನ ಪಕ್ಕದಲ್ಲಿ ಕೂರಿಸಿಕೊಂಡೇ ಕೆಲಸ ಮಾಡಬೇಕು."

ಸೂಪು ಬಿಸಿ ಮಾಡಿ ಕೊಟ್ಟೆ, ಕುಡಿದ. ಸೋಲಾರಿನ ಮಾತು ಮತ್ತೆ ಎತ್ತಲಿಲ್ಲ. ಅವನು ಹೋದ ಮೇಲೆ ನನಗೆ ದಿಗಿಲಾಯಿತು. ಮಾರ್ಲನ್‌ನಂಥವನೇ ಹೆದರಿದರೆ ನನ್ನ ಗತಿ ಏನು?

ಜನವರಿ 4, ಶನಿವಾರ

ಹೊಸ ವರ್ಷಕ್ಕೂ ಗುಡ್ಡ ತೆರೆಯಲಿಲ್ಲ. ಟಿಕೆಟ್ ಕಿಟಕಿಯಲ್ಲಿ ಕೂತು ಬಂದವರಿಗೆಲ್ಲ ಇಲ್ಲ, ಇಲ್ಲ ಅನ್ನುವುದೇ ಕೆಲಸ.

ಪ್ರೊಫೆಸರ್ ಅವರ ಕೋಣೆಗೆ ಹೋದೆ. ಬಾಗಿಲ ಹೊರಗೆ ನಿಂತು ವಾಪಸ್ಸು ಹೊರಟು ಮತ್ತೆ ಬಂದೆ. ಒಳಗೆ ಹೀಟರ್ ಹಚ್ಚಿಕೊಂಡು, ಕೋಟು ಬಿಚ್ಚದೆ ಕೂತಿದ್ದರು.

"ಅವತ್ತು ಆಡಿಸಿದ ಆಟವನ್ನ ಒಂದು ಊರಿಗೆ ಆಡಿಸಬಹುದಾ?" ಎಂದು ಕೇಳಿದೆ.

ಹೀಟರನ್ನು ನನ್ನ ಕಡೆಗೆ ತಿರುಗಿಸಿದರು. "ಆಡಿಸಬಹುದು. ಆದ್ರೆ ಒಂದು ನಿಯಮ ಮೀರಬಾರದು. ಯಜಮಾನ ಕೊನೆಗೆ ಮಾತಾಡಬೇಕು. ಅವನು ಮೊದಲು ಬಾಯಿ ತೆಗೆದ್ರೆ ಉಳಿದೋರೆಲ್ಲ ಅವನ ಮಾತನ್ನೇ ಒಪ್ಪಿಸ್ತಾರೆ."

"ಅವರು ನನ್ನ ಮಾವ."

"ಹಾಗಾದ್ರೆ ಖಂಡಿತ ಕೊನೆಗೆ." ಆಮೇಲೆ ಮಫ್ಲರ್ ಸರಿಮಾಡಿಕೊಂಡು, "ಈ ಊರಿಗೆ ಬಂದು ಆರು ಚಳಿಗಾಲ ಆಯ್ತು, ಇನ್ನೂ ಹಿಮದಲ್ಲಿ ಕಾರು ಓಡಿಸಲ್ಲ ನಾನು. ಬಸ್ಸಲ್ಲೇ ಬರ್ತೀನಿ. ಯಾರಿಗೂ ಹೇಳಬೇಡಿ" ಅಂದರು.

ನನ್ನ ಜೊತೆ ಬಸ್ ನಿಲ್ದಾಣದವರೆಗೆ ನಡೆದರು. ರಸ್ತೆಯ ಮೇಲೆ ತೆಳುವಾದ ಮಂಜುಗಡ್ಡೆ ಇತ್ತು, ಅವರ ತೋಳು ಹಿಡಿದುಕೊಂಡೆ.

ಜನವರಿ 18, ಶನಿವಾರ

ನೀಲೋ ಬಂದ. ಹಡಗು ಕಟ್ಟಿಹಾಕಿ, ಗಡ್ಡ ಬಿಟ್ಟುಕೊಂಡು, ಡೀಸೆಲ್ ವಾಸನೆ ಹೊತ್ತುಕೊಂಡು. ಮೈಗೆ ಮೈ ತಾಗಿಸಿ ಸೌನಾದಲ್ಲಿ ಕೂತೆವು. ಎಲ್ಲ ಹೇಳಿದೆ. ಸಭೆಯ ವಿಷಯ, ಆಟದ ವಿಷಯ.

ಕಾದ ಕಲ್ಲಿನ ಮೇಲೆ ನೀರು ಸುರಿದ. "ಸರೋವರದಲ್ಲಿ ಈ ಸಲ ಮಂಜುಗಡ್ಡೇನೇ ಕಟ್ಟಿಲ್ಲ ಸೆನ್ಯಾ. ಜನವರಿಯಲ್ಲಿ ಬರೀ ನೀರು. ಅಲೆ ನೋಡಿಕೊಂಡು ಬಂದೆ, ಬೇಸಿಗೆ ಥರ. ಹಡಗಲ್ಲಿ ಎಲ್ರೂ ಆರಾಮಾಯ್ತು ಅಂತಿದ್ರು. ನಾನೂ ಅಂದೆ." ಮತ್ತೆ ನೀರು ಸುರಿದ. "ಆರಾಮಾಗಿರಲಿಲ್ಲ."

ಇಷ್ಟು ವರ್ಷದಲ್ಲಿ ನೀಲೋ ಹೆದರಿದ್ದನ್ನು ಹೇಳಿಕೊಂಡದ್ದು ನಾನು ಕಾಣೆ. ಅವನಪ್ಪನ ಮಗ.

"ಅಪ್ಪ ನಿನ್ನ ಮೇಲೆ ಕೂಗಾಡಬಹುದು" ಅಂದ.

"ಗೊತ್ತು."

"ಹೆದರಿಕೆ ಇಲ್ವಾ?"

ಎಂಥ ಪ್ರಶ್ನೆ. ನನ್ನನ್ನು ನೋಡಿದರೆ ಗೊತ್ತಾಗುವುದಿಲ್ಲವೇ? ಗೊತ್ತಾಗುವುದಿಲ್ಲ ಅಂದ, ಸುಳ್ಳುಗಾರ.

ಜನವರಿ 25, ಶನಿವಾರ

ಬೆಳಿಗ್ಗೆ ಎರಡು ಸಲ ವಾಂತಿ ಮಾಡಿಕೊಂಡೆ. ಗುಡ್ಡದ ಬುಡದ ಸಭಾಂಗಣದಲ್ಲಿ ಕೂರಲು ಜಾಗವಿರಲಿಲ್ಲ, ಗೋಡೆಗೆ ಒರಗಿ ನಿಂತಿದ್ದರು. ಮಾವ ಮುಂದಿನ ಸಾಲಿನಲ್ಲಿ, ಸಂಘದ ಕೆಂಪು ಜಾಕೆಟ್ಟು ತೊಟ್ಟು. ಮಾರ್ಲನ್ ಬಾಗಿಲ ಹತ್ತಿರ, ತಲೆಯಲ್ಲಿ ಟೋಪಿ, ಮುಖದಲ್ಲಿ ರಕ್ತವಿಲ್ಲ.

ಎದ್ದು ನಿಂತೆ. ಮಾರಾಟವಾಗದೆ ಉಳಿದ ಈ ವರ್ಷದ ಟಿಕೆಟ್ಟುಗಳ ಕಟ್ಟು ತಂದಿದ್ದೆ, ಎಲ್ಲರಿಗೂ ಒಂದೊಂದು ಹಂಚಿದೆ, ಪೆನ್ಸಿಲ್ಲೂ ಕೊಟ್ಟೆ. ಚಳಿಯ ರಾತ್ರಿಗಳ ಗೆರೆಯನ್ನು ಗೋಡೆಗೆ ಅಂಟಿಸಿದೆ. ಅದರ ಬಗ್ಗೆ ಹೆಚ್ಚು ಹೇಳಲಿಲ್ಲ, ಗೆರೆ ಯಾವ ಕಡೆ ಹೋಗುತ್ತಿದೆ ಎಂದು ಎಲ್ಲರಿಗೂ ಕಾಣುತ್ತಿತ್ತು.

"ಇವತ್ತಿಗೆ ಐದು ವರ್ಷ ಕಳೆದಿದೆ ಅಂದ್ಕೊಳ್ಳಿ. ನಾವು ಹೊಸ ಗನ್ನು ತಗೊಂಡ್ವಿ. ಗಣಿಗುಡ್ಡ ಸತ್ತುಹೋಯ್ತು. ಹೇಗೆ ಸತ್ತಿತು? ಟಿಕೆಟ್ ಹಿಂದೆ ಬರೀರಿ."

"ಏನಿದು?" ಅಂದರು ಮಾವ, ಅರ್ಧ ಎದ್ದು. "ಸೆನ್ಯಾ, ಇದಲ್ಲ ನಾವು ಮಾತಾಡಿಕೊಂಡಿದ್ದು."

"ನಿಮ್ಮದು ಕೊನೆಗೆ ಮಾವ. ಕೂತ್ಕೊಳ್ಳಿ" ಅಂದೆ.

ಅವರು ಕೂತರು. ನಾನು ಹಾಗೆ ಹೇಳಿದೆನಾ ಅಂತ ಈಗಲೂ ನಂಬಿಕೆ ಬರುತ್ತಿಲ್ಲ. ಭಯದಲ್ಲಿ ಮಾತು ಜಾರಿರಬೇಕು.

ನಮ್ಮ ಜನ ಮಾತಾಡುವವರಲ್ಲ. ಹೆಂಡತಿ ಹೆರಿಗೆಯಲ್ಲಿದ್ದರೂ ಹೇಗಿದ್ದಾಳೆ ಅಂದರೆ ಪರವಾಗಿಲ್ಲ ಅನ್ನುವವರು. ಆದರೆ ಪೆನ್ಸಿಲ್ಲುಗಳ ಸದ್ದು ಶುರುವಾಯಿತು. ಸದಸ್ಯರ ಹೆಸರಿನ ಚೀಟಿಗಳನ್ನು ಕಲಸಿ ಒಂದನ್ನು ಎಳೆದೆ. ವಿಯೆನೊ ಸಲ್ಮೆಲಾ.

ಅಜ್ಜಿ ಕನ್ನಡಕ ಏರಿಸಿ ಓದಿದಳು. "ಗುಡ್ಡ ಸತ್ತಿದ್ದು ಕ್ರಿಸ್‌ಮಸ್ ರಜೆಯಲ್ಲಿ. ಕ್ಯಾಂಟೀನಲ್ಲಿ ಸೂಪ್ ಮಾಡಿ ಮಾಡಿ ಚೆಲ್ಲಿ ಸಾಕಾಗಿ ನಾನೇ ಮೊದಲು ಬಿಟ್ಟುಹೋದೆ." ಕನ್ನಡಕ ತೆಗೆದಳು. "ಈ ವರ್ಷಾನೇ ಚೆಲ್ತಾ ಇದ್ದೀನಿ. ಹಿಂದಿನ ಬಾಗಿಲಿಂದ ತಗೊಂಡ್ಹೋಗಿ ಚೆಲ್ತೀನಿ, ಯಾರೂ ನೋಡಬಾರದು ಅಂತ."

ಮುಂದಿನ ಚೀಟಿ ಟಾಡ್‌ದು. "ಹೊಸ ಗನ್ನುಗಳೂ ಚಳಿಗೆ ಕಾಯ್ತಾ ಕೂತಿದ್ವು. ನಾನು ಅವುಗಳ ಜೊತೆ ಕಾಯ್ತಾ ಕೂತಿದ್ದೆ" ಅಂತ ಓದಿ ನಿಲ್ಲಿಸಿದ. "ಥರ್ಮಾಮೀಟರ್ ಹಾಳಾಗಿದೆ ಅಂತ ನಾನು ಎರಡು ಸಲ ಹೊಸದು ತಂದೆ. ಹಾಳಾಗಿರಲಿಲ್ಲ."

ಆಮೇಲೆ ಚೀಟಿ ಎಳೆಯುವ ಕೆಲಸವೇ ಬೇಕಾಗಲಿಲ್ಲ. ಒಬ್ಬರಾದ ಮೇಲೊಬ್ಬರು ಎದ್ದರು. ಪ್ರತಿಯೊಬ್ಬರೂ ಇದನ್ನು ಎಷ್ಟೋ ದಿನದಿಂದ ಒಳಗಿಟ್ಟುಕೊಂಡಿದ್ದರು. ಪಕ್ಕದವನಿಗೆ ಗೊತ್ತಾದರೆ ಏನೆಂದುಕೊಂಡಾನೋ ಎಂದು ಸುಮ್ಮನಿದ್ದರು. ನೀಲೋ ಸರೋವರದ ಮಾತು ಹೇಳಿದ. ಅವನ ದನಿ ಒಡೆಯಿತು, ಯಾರೂ ನಗಲಿಲ್ಲ. ನಾನೊಬ್ಬಳೇ ಪುಕ್ಕಲಿ ಅಂದುಕೊಂಡು ಇಷ್ಟು ವರ್ಷ ಕಳೆದೆನಲ್ಲ, ನನಗೆ ಸಿಟ್ಟು ಬಂತು.

ಕೊನೆಗೆ ಮಾವ. ಅವರು ಟಿಕೆಟ್ಟಿನ ಹಿಂದೆ ಏನೂ ಬರೆದಿರಲಿಲ್ಲ. ಎದ್ದು, ಗೋಡೆಯ ಗೆರೆಯನ್ನು ನೋಡಿದರು, ನಮ್ಮ ಕಡೆ ತಿರುಗಲಿಲ್ಲ.

"ಗುಡ್ಡ ಬಿಸಿಲಿಗೆ ಸಾಯಲಿಲ್ಲ" ಅಂದರು. "ಅರ್ವೊ ರೌಟಿಯೋಗೆ ಹೇಳೋಕೆ ಎಲ್ರೂ ಹೆದರಿದ್ರು. ಅದಕ್ಕೇ ಸತ್ತಿತು."

ಗೆರೆಯ ಮೇಲೆ ಬೆರಳಿಟ್ಟು, "ಅರ್ವೊಗೂ ಗೊತ್ತಿತ್ತು. ಅವನೂ ಹೆದರಿದ್ದ" ಅಂದರು.

ಜಾಕೆಟ್ಟಿನ ಜಿಪ್ಪನ್ನು ಏರಿಸುತ್ತಾ ಇಳಿಸುತ್ತಾ ನಿಂತರು. ಆಮೇಲೆ ವಿಯೆನೊ ಅಜ್ಜಿ ಹೋಗಿ ಅವರ ಕೈಗೆ ಕಾಫಿ ಕೊಟ್ಟಳು.

ಗನ್ನುಗಳ ಪ್ರಸ್ತಾಪ ಬಿದ್ದುಹೋಯಿತು. ಅದರ ಬದಲು ನಾನೂ ಮಾರ್ಲನ್ನೂ ಮಾಡಿಟ್ಟಿದ್ದ ಯೋಜನೆ ಮತಕ್ಕೆ ಬಂತು. ಕೆಳಗಿನ ಮಕ್ಕಳ ಇಳಿಜಾರು ಹಳೇ ಗನ್ನುಗಳ ಜೊತೆ ಆಗುವಷ್ಟು ದಿನ ನಡೆಯಲಿ. ಬೇಸಿಗೆಗೆ ಗುಡ್ಡದ ಮೇಲೆ ಸೈಕಲ್ ದಾರಿ, ಬುಡದಲ್ಲಿ ಊರಿಗೆಲ್ಲ ಒಂದು ಸೌನಾ, ಅದು ಮಾರ್ಲನ್ ಯೋಚಿಸಿದ್ದು. ಮೇಲಿನ ದೊಡ್ಡ ಇಳಿಜಾರನ್ನು ಬಿಟ್ಟುಬಿಡಬೇಕು. ವಸಂತದಲ್ಲಿ ಲಿಫ್ಟು ಬಿಚ್ಚಿ ಮಾರುತ್ತಾರೆ. ಕೈ ಎತ್ತಿದವರಲ್ಲಿ ಮಾವನವರೂ ಇದ್ದರು.

ನಾನು ಊರಿನ ಗುಡ್ಡವನ್ನು ಅರ್ಧ ಕೊಂದುಬಂದಿದ್ದೇನೆ.

ಫೆಬ್ರವರಿ 8, ಶನಿವಾರ

ತರಗತಿಯಲ್ಲಿ ಕೊನೆಯ ಮಂಡನೆ. ಪಾಸಾದೆವು. ಮಾರ್ಲನ್ ಪೂರ್ತಿ ಸಭೆಯ ಕಥೆ ಹೇಳಿದ, ನಡೆದದ್ದಕ್ಕಿಂತ ಎರಡು ಪಟ್ಟು ದೊಡ್ಡದು ಮಾಡಿ. ಪ್ರಶ್ನೆಗಳ ಹೊತ್ತಿನಲ್ಲಿ ಒಬ್ಬ ಹುಡುಗಿ ತನ್ನ ಯೋಜನೆ ಸೋಲುವ ಛಾನ್ಸೇ ಇಲ್ಲ ಅಂದಳು. ನಾನು ಎದ್ದು ಮೂರು ಪ್ರಶ್ನೆ ಕೇಳಿದೆ, ಪಾಪ, ಅವಳ ಬಾಯಿ ಒಣಗಿತು. ಆಮೇಲೆ ನೆನಪಾಯಿತು, ಪ್ರೊಫೆಸರ್ ಇನ್ನೂ ಕಾರ್ಡೇ ಎಳೆದಿರಲಿಲ್ಲ. ಅವರು ನನ್ನ ಕಡೆ ನೋಡಿ ಮಫ್ಲರ್ ಒಳಗೆ ನಕ್ಕರು. ಅಧಿಕಪ್ರಸಂಗ ಮಾಡಿದೆ ಅನಿಸಿ ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ.

ಮಾವ ಸಭೆಯ ನಂತರ ನನ್ನೊಂದಿಗೆ ಮಾತಾಡಿಲ್ಲ. ಆಫೀಸಿಗೂ ಬರುತ್ತಿಲ್ಲ.

ಫೆಬ್ರವರಿ 16, ಭಾನುವಾರ

ಹಿಮ ಬಿದ್ದಿದೆ. ನಿಜವಾದ ಹಿಮ, ಮೊಣಕಾಲುದ್ದ, ಯಾರೂ ಕೇಳದೆ. ಊರಿಗೆ ಊರೇ ಗುಡ್ಡಕ್ಕೆ ಬಂದಿತ್ತು. ಟಿಕೆಟ್ ಕಿಟಕಿಯಲ್ಲಿ ತಲೆ ಎತ್ತಲು ಪುರುಸೊತ್ತಿರಲಿಲ್ಲ. ಎಲ್ಲರೂ ಹೋದ ಮೇಲೆ, ಬೆಳಕು ಇನ್ನೂ ಇರುವಾಗ, ಯಾರೋ ಕಿಟಕಿ ತಟ್ಟಿದರು. ಕೆಂಪು ಜಾಕೆಟ್ಟು.

"ಸೆನ್ಯಾ. ಮೇಲಿನ ಲಿಫ್ಟಲ್ಲಿ ಒಂದ್ಸಲ ಹೋಗಿಬರೋಣ ಅಂತ."

"ಹೋಗಿಬನ್ನಿ ಮಾವ. ಟಾಡ್‌ಗೆ ಹೇಳ್ತೀನಿ."

"ಅದಲ್ಲ." ಕೈಗವಸು ತೆಗೆದು ಮತ್ತೆ ಹಾಕಿಕೊಂಡರು. "ಒಬ್ಬನೇ ಹೋಗೋಕೆ ಭಯ ಆಗುತ್ತಮ್ಮಾ. ನೀನೂ ಬಾ."

ನನಗೆ ಎತ್ತರ ಅಂದರೆ ಏನಾಗುತ್ತದೆ ಎಂದು ಅವರಿಗೆ ಗೊತ್ತು. ಗೊತ್ತಿದ್ದೂ ಕರೆದರು. ಕೋಟು ಹಾಕಿಕೊಂಡು ಹೊರಟೆ.

ಕುರ್ಚಿ ಬಂದು ಕಾಲ ಹಿಂದೆ ಬಡಿದು ನಮ್ಮನ್ನು ಎತ್ತಿಕೊಂಡಿತು. ನೆಲ ಬಿಟ್ಟುಹೋದ ಕೂಡಲೇ ಮಾವನ ತೋಳನ್ನು ಎರಡೂ ಕೈಯಿಂದ ಹಿಡಿದೆ. ಅವರೂ ನನ್ನ ಕೈಯನ್ನು ಹಿಡಿದುಕೊಂಡಿದ್ದರು. ಕೆಳಗೆ ಫರ್ ಮರಗಳ ತುದಿ, ಅವುಗಳ ಮೇಲೆ ಹಿಮ. ಅರ್ಧ ದಾರಿಗೆ ಊರಿನ ಮನೆಗಳ ಹೊಗೆ ಕಂಡಿತು. ಇನ್ನೂ ಮೇಲೆ ಹೋದಂತೆ ಹಳೇ ಗಣಿಯ ಕೆಂಪು ಗುಂಡಿ, ಅದರಾಚೆ ಸರೋವರ. ಮಂಜು ಕಟ್ಟದ ಕಪ್ಪು ನೀರು ಆಕಾಶದವರೆಗೂ. ಭಯದಲ್ಲಿ ನಾನು ಏನನ್ನೂ ಸರಿಯಾಗಿ ನೋಡಲಿಲ್ಲ.

ತುದಿಯಲ್ಲಿ ಮಾವ ಇಳಿಯಲಿಲ್ಲ. ಕುರ್ಚಿ ತಿರುಗಿ ನಮ್ಮನ್ನು ಹಾಗೇ ಕೆಳಗೆ ಹೊರಡಿಸಿತು. ಈಗ ಇಡೀ ಇಳಿಜಾರು ನಮ್ಮೆದುರಿಗೆ ಬಿದ್ದುಕೊಂಡಿತ್ತು. ಅವರು ಅದನ್ನು ನೋಡುತ್ತಾ ಅತ್ತರು, ಒರೆಸಿಕೊಳ್ಳಲಿಲ್ಲ. ನಾನು ಕೈ ಬಿಡಲಿಲ್ಲ.

"ಸೈಕಲ್ ದಾರಿ, ಸೌನಾ, ಅದೆಲ್ಲ ಇದೆಯಲ್ಲ" ಅಂದರು ಸ್ವಲ್ಪ ಹೊತ್ತಿನ ಮೇಲೆ. "ಐದು ವರ್ಷ ಆಗಿದೆ ಅಂದ್ಕೋ. ಅದೂ ಸತ್ತಿದೆ. ಹೇಗೆ ಸತ್ತಿತು, ಹೇಳ್ತೀಯಾ?"

ಹೇಳಲು ಶುರುಮಾಡಿದೆ. ಮಳೆಗೆ ದಾರಿ ಕೊಚ್ಚಿಹೋಯಿತು, ಸೊಳ್ಳೆಗೆ ಹೆದರಿ ಜನ ಬರಲಿಲ್ಲ, ಸೌನಾದ ಸೌದೆ ಒಡೆಯಲು ಟಾಡ್‌ನ ಮೊಣಕಾಲು ಬಿಡಲಿಲ್ಲ, ಸಾಮಾನಿಗೆ ಹಾಕಿದ ಬೀಗದ ಕೀಲಿ ಯಾರ ಹತ್ತಿರ ಇರಬೇಕೆಂದು ಎರಡು ಮನೆಯವರು ಜಗಳವಾಡಿದರು. ಮಾವ ಒಂದೊಂದಕ್ಕೂ ಹೂಂಗುಟ್ಟುತ್ತಾ, ಹೌದು ಅದಕ್ಕೇನು ಮಾಡೋಣ, ಅದಕ್ಕೇನು ಮಾಡೋಣ ಅನ್ನುತ್ತಾ ಕೇಳಿದರು. ಬುಡ ಬಂತು. ನಮ್ಮನ್ನು ಇಳಿಸಲು ಟಾಡ್ ಲಿಫ್ಟಿನ ವೇಗ ತಗ್ಗಿಸಿದ.

ನಾನು ಇನ್ನೂ ಅರ್ಧವೂ ಹೇಳಿರಲಿಲ್ಲ. ಮಾವ ಟಾಡ್‌ನತ್ತ ಕೈ ಬೀಸಿ, ಇನ್ನೊಂದು ಸುತ್ತು ಹೋಗಲಿ ಅಂದರು.